ಹುಲಿಗೆಮ್ಮನೊಳಗಿನ ಅರ್ಜಿದಾರಳು

ಗೋವಾದ ಕುಡಚಡೆಯ ತಡವಾದ ಜನನಗಳ ಉಪಕಚೇರಿಯ ದಫ್ತರದಲ್ಲಿ 2009ರ ಜೂನ್ ತಿಂಗಳಿಂದ ಹುಲಿಗೆಮ್ಮ ಎಂಬ ಒಬ್ಬ ಹೆಂಗಸು ಇಬ್ಬರಾಗಿದ್ದಾಳೆ. ಇದರಲ್ಲಿ ಯಾರ ತಪ್ಪೂ ಇಲ್ಲ. ನಾನು ಅಲ್ಲಿಯ ಜವಾನ, ಎಲ್ಲವೂ ನಿಯಮದಂತೆ ನಡೆದದ್ದನ್ನು ಕಣ್ಣಾರೆ ಕಂಡವನು.

ಹುಲಿಗೆಮ್ಮ ಅದಿರು ತುಂಬುವ ಕೂಲಿ. ಮಗಳು ಅಂಬಿಕಾಳನ್ನು ಐದನೇ ಇಯತ್ತೆಗೆ ಸೇರಿಸಲು ಜನನಪತ್ರ ಬೇಕಾಗಿತ್ತು. ಮಗು ಹುಟ್ಟಿದ್ದು ಗುಡಿಸಲಿನಲ್ಲಿ. ಪತ್ರ ಎಲ್ಲಿಂದ ಬರಬೇಕು? ನಮ್ಮ ಸಾಹೇಬರು ಕಾರವಾರದ ಗಡಿಗೆ ಹತ್ತಿದ ಕಾಣಕೋಣದವರು, ಕನ್ನಡ ಬಲ್ಲವರು. "ತಾಯಿ ನೀನೇ ಎಂದು ಡಿಎನ್‌ಎ ವರದಿ ತಾ. ಹದಿನೈದು ದಿನ ಮೀರಿದರೆ ಶಾಲೆಯ ಜಾಗ ಹೋಗುತ್ತದೆ" ಎಂದರು.

ವರದಿ ಬಂತು. ರಕ್ತದ ಪ್ರಕಾರ ಅವಳು ತಾಯಿಯಲ್ಲ, ತಾಯಿಯ ಒಡಹುಟ್ಟಿದವಳಿರಬಹುದು. ಕೆನ್ನೆಯ ಒಳಗಿನ ಜೀವಕೋಶಗಳ ಪ್ರಕಾರ ಅವಳೇ ತಾಯಿ. ಡಾಕ್ಟರು ವಿವರಿಸಿ ಬರೆದಿದ್ದರು: ಹುಲಿಗೆಮ್ಮನ ತಾಯಿಯ ಗರ್ಭದಲ್ಲಿ ಎರಡು ಪಿಂಡಗಳಿದ್ದು, ಕೂಡಿ ಒಂದೇ ದೇಹವಾಗಿವೆ, ಅಪರೂಪ, ಆದರೆ ಸಹಜ.

ಸಾಹೇಬರು ಎರಡು ಸಲ ಓದಿ, ಇನ್ನೊಂದು ಕುರ್ಚಿ ತರಿಸಿದರು.

"ಹಾಗಾದರೆ ಮಗುವಿನ ತಾಯಿ ನೀನಲ್ಲ, ಒಳಗಿರುವವರು. ಅರ್ಜಿ ಅವರದೇ ಬೇಕು. ಅವರ ಹೆಸರು?"

"ಆಕಿ ಅದಾಳನ್ನೂದ ಈಗ ಗೊತ್ತಾತ್ರಿ. ಹೆಸರ ಯಾರ ಇಡಬೇಕ್ರಿ?"

"ಹೆಸರಿಲ್ಲದವರ ಕಡತ ತೆರೆಯಲು ಬರುವುದಿಲ್ಲ. ಇಟ್ಟು ಬಾ. ಪಂಚನಾಮೆಗೆ ಜವಾನನನ್ನು ಕಳಿಸುತ್ತೇನೆ."

ಮರುದಿನವೇ ಗುಡಿಸಲಲ್ಲಿ ನಾಮಕರಣವಾಯಿತು. ನೆರೆಮನೆಯ ಜೈತುನಬಿ ಮೂವತ್ತೆರಡು ವರ್ಷದ ಹುಲಿಗೆಮ್ಮನ ಎಡಗಿವಿಯಲ್ಲಿ "ಕುರ್ರ್" ಎಂದು 'ದುರಗವ್ವ' ಎಂಬ ಹೆಸರು ಹೇಳಿದಳು. ಸಂಪ್ರದಾಯದಂತೆ ಹೆಂಗಸರು ಜೈತುನಬಿಯ ಬೆನ್ನಿಗೆ ಗುದ್ದಿದರು. 'ಐದು ಗುದ್ದು' ಎಂದು ಬರೆದುಕೊಂಡು, ಗುಗ್ಗರಿ ತಿಂದು ಬಂದೆ.

"ದುರಗವ್ವನವರು ಗೋವಾಕ್ಕೆ ಬಂದು ಎಷ್ಟು ವರ್ಷ?" ಕಚೇರಿಯಲ್ಲಿ ಸಾಹೇಬರು ಕೇಳಿದರು.

"ನಾ ಬಂದ ದಿನಾನ ಬಂದಾಳ್ರಿ. ಟಿಕೀಟ ಮಾತ್ರ ಒಂದ ತಗಸಿದ್ದೆ."

ಟಿಕೀಟಿನ ವಿಷಯ ರೈಲ್ವೆಯವರದೆಂದು ಸಾಹೇಬರು ಬಿಟ್ಟುಕೊಟ್ಟರು. ಎಡಗೈ ಹೆಬ್ಬೆಟ್ಟು ದುರಗವ್ವನವರದು, ಬಲಗೈಯದು ಹುಲಿಗೆಮ್ಮನದು ಎಂದು ಆದೇಶವಾಯಿತು. ಕೊನೆಗೆ ಉಳಿದದ್ದು ಹುಲಿಗೆಮ್ಮನಿಗೂ ಮಗುವಿಗೂ ಇರುವ ಸಂಬಂಧದ ಕಾಲಂ. ದುರಗವ್ವನವರ ನಾಮಕರಣ ಆಗಿದ್ದು ಮೊನ್ನೆ, ಆದ್ದರಿಂದ ಅವರೇ ಕಿರಿಯರು. ಸಾಹೇಬರು 'ದೊಡ್ಡವ್ವ' ಎಂದು ಬರೆದರು.

ಹುಲಿಗೆಮ್ಮ ಅತ್ತುಬಿಟ್ಟಳು. "ಒಂಬತ್ತ ತಿಂಗಳ ಹೊತ್ತ ಹಡದೇನ್ರಿ ಸಾಹೇಬ್ರ. ನಾ ದೊಡ್ಡವ್ವ ಹ್ಯಾಂಗ ಆಗ್ಲಿ?"

"ಶಾಲೆ ಬೇಕೋ, ಬೇಡವೋ?"

ಹೊತ್ತು ಹೆತ್ತವಳು ಎಂದು ಬರೆಯಲು ಜಾಗವಿದೆಯೇ ಎಂದು ನಾನೂ ಬಗ್ಗಿ ನೋಡಿದೆ. ಆದರೆ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹುಲಿಗೆಮ್ಮ ಎರಡೂ ಹೆಬ್ಬೆಟ್ಟು ಒತ್ತಿದಳು. ಅದು ಹದಿನಾಲ್ಕನೆಯ ದಿನ. ಅಂಬಿಕಾಗೆ ಶಾಲೆ ಸಿಕ್ಕಿತು.

ಇಂಥ ಪ್ರಕರಣಗಳಲ್ಲಿ ಹೆಬ್ಬೆಟ್ಟಿನ ಮೇಲ್ವಿಚಾರಣೆಗೆ ಕಚೇರಿಯ ಜವಾನ ಹಾಜರಿರಬೇಕೆಂಬ ನಿಯಮ ಹೊಸದಾಗಿ ಆಗಿತ್ತು. ಆದ್ದರಿಂದ ದೀಪಾವಳಿಗೆ ಮುಂಚೆ ಪ್ರಗತಿಪತ್ರ ಕೊಡುವ ದಿನ ನಾನು ಶಾಯಿಪೆಟ್ಟಿಗೆ ಹಿಡಿದು ಶಾಲೆಗೆ ಹೋಗಿದ್ದೆ. ಅಂಬಿಕಾ ವರ್ಗಕ್ಕೇ ಮೊದಲಿಗಳು. ಹುಲಿಗೆಮ್ಮ ಹಿಗ್ಗಿನಿಂದ 'ತಾಯಿಯ ಸಹಿ' ಎಂಬಲ್ಲಿಗೆ ಬಲಗೈ ಚಾಚಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಂಬಿಕಾ ಆ ಕೈ ಹಿಡಿದಳು.

"ಅದಲ್ಲ, ದೊಡ್ಡವ್ವ. ಎಡಗೈ."

ಹುಲಿಗೆಮ್ಮ ಎಡಗೈ ಕೊಟ್ಟಳು.