ನೋಡಿದರೆ ಮುಚ್ಚಿಕೊಳ್ಳುವ ಕೀಲಿ

ಬೀದರದ ಮಲ್ಲಿಕಾರ್ಜುನ ಸರ್ ಬೇಳೆ ಮಿಲ್ಲುಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಮಾರುತ್ತಿದ್ದರು. ಒಬ್ಬ ಕೊಂಡರೆ ಸಾಕು, ವಾರದೊಳಗೆ ಭಾಲ್ಕಿಯ ಗಂಜ್ ಪೇಟೆಯ ಅರ್ಧ ಅಂಗಡಿಗಳಲ್ಲಿ ಅದೇ ಸಾಫ್ಟ್‌ವೇರ್ ಪುಕ್ಕಟೆ ಓಡುತ್ತಿತ್ತು. ಊಟಕ್ಕೆ ಒಬ್ಬನನ್ನು ಕರೆದರೆ ಓಣಿಯೇ ಎದ್ದು ಬಂದ ಹಾಗೆ. ರೋಸಿಹೋದ ಸರ್ ಮೈಲೂರಿನ ತಮ್ಮ ಆಫೀಸಿನಲ್ಲಿ ಹಟ ಹಿಡಿದು ಕೂತು, ಹಣ ಕೊಡದವರಿಗೆ ತೆರೆಯದಂತೆ ಅದಕ್ಕೊಂದು ಕೀಲಿ ಮಾಡಿದರು. ಅಶ್ವಜಿತನ ಫಜೀತಿ ಶುರುವಾದದ್ದು ಆ ಕೀಲಿಯಿಂದ.

ಸರ್ ಹತ್ತಿರ ಒಂದು ನೌಕರಿ ಖಾಲಿ ಇತ್ತು. ಅರ್ಜಿ ಹಾಕಿದವರು ಇಬ್ಬರೇ, ಇಬ್ಬರೂ ಭಾಲ್ಕಿಯ ಒಂದೇ ಓಣಿಯವರು: ಅಶ್ವಜಿತ ಮತ್ತು ಎದುರು ಮನೆಯ ಪರಾಗ. ಬೆಳಿಗ್ಗೆ ಇಬ್ಬರಿಗೂ ಕೀಲಿ ಹಾಕಿದ ಪ್ರೋಗ್ರಾಂ ಬಂತು. ‘ಇದನ್ನು ಪರೀಕ್ಷೆ ಮಾಡಿ, ಹೇಗಿದೆ ಎಂದು ಸಂಜೆ ಐದರೊಳಗೆ ಬರೆದು ಕಳಿಸಿ. ನೋಡಿ ನೌಕರಿ ಕೊಡುತ್ತೇನೆ’ ಎಂದು ಸರ್ ಬರೆದಿದ್ದರು.

ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲೇ ಕೂತಿದ್ದ ಅಶ್ವಜಿತನಿಗೆ ಅವ್ವ ಜಿಜಾಬಾಯಿ ಚಹಾದ ಜೊತೆಗೇ ಎಚ್ಚರಿಕೆಯನ್ನೂ ಕೊಟ್ಟಳು.

"ಇವತ್ತ ಆಗ್ಲಿಲ್ಲಂದ್ರ ಮುಗೀತು ನೋಡಪ್ಪ. ಸಂಜಿ ಬಸ್ಸಿಗಿ ಔರಾದದಿಂದ ನಿಮ್ಮ ಮಾಮಾ ಬರ್ಲತ್ತಾನ. ಅವನ ಜೋಡಿ ಹೋಗಿ ತಗಡಿನ ಅಂಗಡ್ಯಾಗ ಕುಂದ್ರು."

ಮಾಮಾ ಸಂಘಪಾಲನದು ಮನೆಗೆ ಹೊದಿಸುವ ತಗಡು ಮಾರುವ ಅಂಗಡಿ. ಅಲ್ಲಿ ದಿನವಿಡೀ ಢಣಢಣ. ಅಶ್ವಜಿತನಿಗೆ ಆ ಸಪ್ಪಳ ನೆನೆದರೇ ಹಲ್ಲು ಜುಮ್ಮೆನ್ನುತ್ತಿತ್ತು. ಅವನು ಚಹಾ ಅಲ್ಲೇ ಬಿಟ್ಟು ಲ್ಯಾಪ್‌ಟಾಪಿಗೆ ಅಂಟಿಕೊಂಡ.

ಇಂಥ ಕೀಲಿ ತೆರೆಯಬೇಕಾದರೆ ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ, ನಡುನಡುವೆ ನಿಲ್ಲಿಸಿ, ಅದರ ಹೊಟ್ಟೆಯೊಳಗೆ ಇಣುಕಬೇಕು. ಇಣುಕುವುದಕ್ಕೆ ಡಿಬಗ್ಗರ್ ಎಂಬ ಸಲಕರಣೆ ಇದೆ. ಆದರೆ ಸರ್ ಕಟ್ಟಿದ ಪ್ರೋಗ್ರಾಂ ಬಲು ಚಾಲಾಕು. ಎದ್ದ ಕೂಡಲೇ ಅದು ಕಂಪ್ಯೂಟರನ್ನು ಕೇಳುತ್ತಿತ್ತು: ‘ನನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ?’ ಚಂದಾ ಕೇಳಲು ಬಂದವರಿಗೆ ‘ಅಪ್ಪ ಒಳಗ ಮಂಚದ ಮ್ಯಾಲೇ ಅದಾನ್ರಿ’ ಎಂದುಬಿಡುವ ಕೂಸಿನ ಹಾಗೆ ಕಂಪ್ಯೂಟರ್ ‘ಹೌದು’ ಎನ್ನುತ್ತಿತ್ತು. ಪ್ರೋಗ್ರಾಂ ಅಲ್ಲಿಗೇ ಕದ ಮುಚ್ಚಿಕೊಂಡು ಮಾಯ.

ಮೂರು ಸಲ ಮಾಯವಾದ ಮೇಲೆ ಖುರ್ಷಿದ ಬೇಗಂ ಬಂದಳು. ಬಾಜೂ ಮನೆಯವಳು. ಜಿಜಾಬಾಯಿ ಮುಂಜಾನೆಯೇ ಓಣಿಗೆಲ್ಲ ಸುದ್ದಿ ಹಂಚಿ ಆಗಿತ್ತು.

"ಏನಂತ ಬೇಟಾ ನಿನ್ನ ಕೀಲಿ?"

"ನೋಡಿದ್ರ ಮುಚ್ಕೊಂತದ ಖಾಲಾ. ನೋಡಲಿಲ್ಲಂದ್ರ ಬರೋಬ್ಬರಿ ನಡೀತದ."

"ಅಯ್ಯ, ನಮ್ಮ ಆಡೂ ಹಂಗೇ! ದಿಟ್ಟಿಸಿ ನೋಡಿದ್ರ ಹಾಲು ಏರಿಸ್ಕೊಂಡು ಬಿಡ್ತದ. ಹುಲ್ಲು ಇಟ್ಟು ನೋಡಿದೇನು?"

"ಕಂಪ್ಯೂಟರಿಗಿ ಹುಲ್ಲು ಎಲ್ಲಿ ಇಡ್ಲಿ ಖಾಲಾ?"

"ಅದು ನನಗೇನ್ ಗೊತ್ತು? ಓದಿದಾಂವ ನೀನು" ಎಂದು ಆಕೆ ಹೊರಟಳು.

ಅಶ್ವಜಿತ ಪ್ರೋಗ್ರಾಮಿನ ಪ್ರಶ್ನೆಗೆ ಕೈ ಹಚ್ಚಲಿಲ್ಲ, ಉತ್ತರ ಬದಲಿಸಿದ. ‘ಹೌದು’ ಎಂದು ಬರುವ ಜಾಗದಲ್ಲಿ ‘ಇಲ್ಲ’ ಎಂದು ತಿದ್ದಿದ. ಪ್ರೋಗ್ರಾಂ ನಿಶ್ಚಿಂತೆಯಿಂದ ಮುಂದೆ ನಡೆಯಿತು. "ಸಿಕ್ತು!" ಎಂದು ಅವನು ಕೂಗಿದ್ದಕ್ಕೂ ಗೋರಖನಾಥ ಕಾಕಾ ಒಳಗೆ ಬಂದದ್ದಕ್ಕೂ ಸರಿಹೋಯಿತು.

ಕಾಕಾ ರಿಟೈರ್ ಆದ ಲೈನ್‌ಮನ್. ಒಳಗೆ ಕಾವಲಿದೆ ಎಂದು ಅಶ್ವಜಿತ ಹೇಳಲು ಶುರುಮಾಡಿದ, ಆದರೆ ಪೂರ್ತಿ ಕೇಳಿಸಿಕೊಳ್ಳುವ ಚಟ ಕಾಕಾನಿಗಿರಲಿಲ್ಲ.

"ಒಳಗ ಕಾವಲುಗಾರ ಅದಾನ ಅಂದಿ? ಕಾವಲು ಇದ್ದಲ್ಲಿ ಮೊದಲ ದೀಪ ಆರಿಸ್ಬೇಕೋ ತಮ್ಮಾ. ಕತ್ತಲಾದ್ರ ಅಂವ ಏನ್ ನೋಡ್ತಾನ?"

"ಇದು ಹಂಗಲ್ಲ ಕಾಕಾ..."

"ಕರೆಂಟಿನ ಬಾತ್ ನನಗ ಹೇಳ್ತೀಯೇನು? ತಡಿ."

ಕಾಕಾ ಹೊರಗೆ ಹೋದ. ಮರುಗಳಿಗೆಯಲ್ಲಿ ಫ್ಯಾನು ನಿಂತಿತು, ಲ್ಯಾಪ್‌ಟಾಪು ಕಪ್ಪಾಯಿತು. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಗೋಡೆಯ ವಾಯರು ಬಿಟ್ಟರೆ ಅದಕ್ಕೆ ಬೇರೆ ಜೀವವಿರಲಿಲ್ಲ. ಮುಂಜಾನೆಯಿಂದ ಮಾಡಿದ್ದೆಲ್ಲ ಗಂಗೆಯ ಪಾಲು. ಕಿತ್ತ ಫ್ಯೂಜನ್ನು ಕೈಯಲ್ಲಿ ಹಿಡಿದು ಕಾಕಾ ಕಿಟಕಿಯಿಂದ ಕೇಳಿದ: "ಹ್ಯಾಂಗ? ಕುರುಡ ಆದ್ನಿಲ್ಲ?"

ಅಶ್ವಜಿತ ಹೊರಗೆ ಓಡಿದ.

ಫ್ಯೂಜು ಹಾಕಿಸಿ ಮತ್ತೆ ಮೊದಲಿನಿಂದ ಹೊರಟ. ಆಗ ಎರಡನೆಯ ಕಾವಲು ಎದುರಾಯಿತು. ಪ್ರೋಗ್ರಾಂ ಒಮ್ಮೆ ಗಡಿಯಾರ ನೋಡಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಗಡಿಯಾರ ನೋಡುತ್ತಿತ್ತು. ನಡುವೆ ತಡವಾಗಿದ್ದರೆ, ದಾರಿಯಲ್ಲಿ ಯಾರೋ ತನ್ನ ಅಂಗಿ ಹಿಡಿದು ನಿಲ್ಲಿಸಿದ್ದಾರೆ ಎಂದು ಅದಕ್ಕೆ ತಿಳಿಯುತ್ತಿತ್ತು. ಅಶ್ವಜಿತ ಹಾಗೆ ಅದರ ಅಂಗಿ ಹಿಡಿದು ನಿಲ್ಲಿಸಿದ ಹೊತ್ತಿಗೇ ಪರಾಗನ ತಾಯಿ ವತ್ಸಲಾಬಾಯಿ ಒಂದು ಪ್ಲೇಟು ಚುರುಮುರಿ ಸುಸಲಾ ಹಿಡಿದು ಬಂದಳು.

"ಊಟಾನೂ ಮಾಡಿಲ್ಲಂತಲ್ಲ ಅಶ್ವಜಿತಾ. ಹೊಟ್ಟಿ ಸುಟ್ಕೊಂಡು ಏನ್ ಸಾಧಿಸ್ತಿ?"

"ಪರಾಗ ಎಲ್ಲಿ ತನಕ ಬಂದಾನ ಕಾಕು?"

"ಅಂವ ಎಲ್ಲಿ ಬರ್ತಾನ! ಮುಂಜಾನಿ ಅದೇನೋ ಎರಡು ಸಾಲು ಬರ್ದು ಕಳಿಸಿ ಮಲ್ಕೊಂಡಾನ. ಗೊರಕಿ ಇಲ್ಲಿ ತನಕ ಕೇಳಲ್ಲೇನು?"

ಪ್ರೋಗ್ರಾಂ ಗಡಿಯಾರ ನೋಡಿತು, ಸಂಶಯಪಟ್ಟಿತು, ಕದ ಮುಚ್ಚಿತು. ಆದರೂ ಅಶ್ವಜಿತನಿಗೆ ಸುಸಲಾ ಬೆಲ್ಲದಷ್ಟು ರುಚಿಸಿತು. ಎದುರಾಳಿ ಕಣಕ್ಕಿಳಿಯದೆಯೇ ಮಲಗಿದ್ದ! ಉತ್ಸಾಹದಿಂದ ತೋಳೇರಿಸಿ, ಎಷ್ಟೇ ತಡವಾದರೂ ‘ಸರಿ, ಮುಂದೆ ಹೋಗು’ ಎನ್ನುವಂತೆ ಆ ಲೆಕ್ಕವನ್ನೇ ತಿರುವಿದ. ಐದಕ್ಕೆ ಸ್ವಲ್ಪವೇ ಬಾಕಿ ಇದ್ದಾಗ ಕೀಲಿ ಕಳಚಿ ಬಿಲ್ಲಿನ ಪುಟ ಅಂಗಾತ ತೆರೆದುಕೊಂಡಿತು. ಎಲ್ಲಿ ಹೊಕ್ಕೆ, ಹೇಗೆ ಹೊಕ್ಕೆ ಎಂದು ಚಿತ್ರ ಸಮೇತ ಬರೆದು ಸರ್‌ಗೆ ಕಳಿಸಿದ.

ಬಸ್ಸು ಇಳಿದು ಸಂಘಪಾಲ ಬರುವ ಹೊತ್ತಿಗೆ ಮನೆಯ ಮುಂದೆ ಓಣಿಯೇ ನೆರೆದಿತ್ತು.

"ಜೈಭೀಮ ಅಕ್ಕಾ. ಏನಿದು ಜಾತ್ರಿ?"

"ಕುಂದ್ರು. ನಿನ್ನ ಅಳಿಯಗ ನೌಕರಿ ಆಗ್ಲತ್ತದ. ತಗಡಾ ನಿನಗೇ ಇರ್ಲಿ" ಎಂದಳು ಜಿಜಾಬಾಯಿ, ಸೆರಗು ಝಾಡಿಸಿ.

ಅಷ್ಟರಲ್ಲಿ ಫೋನು ಬಂತು. "ಸ್ಪೀಕರಿಗಿ ಹಾಕೋ!" ಎಂದರು ಎಲ್ಲರೂ. ಹಾಕಿದ.

"ಅಶ್ವಜಿತಾ, ಪೂರಾ ತೆರೆದಿಯೇನು?" ಮಲ್ಲಿಕಾರ್ಜುನ ಸರ್ ದನಿ ಒಣಗಿತ್ತು.

"ಪೂರಾ ತೆರೆದೀನ್ರಿ ಸರ್! ಒಂದೇ ದಿನದಾಗ!"

"ಅದಕ್ಕೇ ಸಂಕಟ ನೋಡಪ್ಪ. ಈ ಕೀಲಿ ಯಾರಿಂದಲೂ ಮುರೀಲಿಕ್ಕೆ ಆಗಲ್ಲ ಅಂತ ಗಂಜಿನವರ ಮುಂದ ಎದಿ ತಟ್ಟಿ ಹೇಳಿ ಬಂದೀನಿ. ನೀ ಆಫೀಸಿನಾಗ ಕುಂತ್ರ ನನಗ ನಿದ್ದಿ ಹತ್ತಲ್ಲ. ನಿನ್ನ ಹೊಗಳಬೇಕಂದ್ರ ನನಗ ನಾನೇ ಬೈಕೋಬೇಕು. ಪರಾಗ ಶಾಣ್ಯಾ ಹುಡುಗ. ‘ಸರ್, ನಿಮ್ಮ ಕೀಲಿಗಿ ಸಾಟಿ ಇಲ್ಲ, ನಾ ಸೋತೆ’ ಅಂತ ಮುಂಜಾನೀನೇ ಬರ್ದಾನ. ನೌಕರಿ ಅವಗ ಕೊಟ್ಟೀನಿ. ಬ್ಯಾಸರ ಮಾಡ್ಕೋಬ್ಯಾಡ."

ಫೋನು ಸುಮ್ಮನಾಯಿತು. ಗೋರಖನಾಥ ಕಾಕಾ, "ನಾ ಫ್ಯೂಜ್ ತಿರುಗಿ ಹಾಕಲೇಬಾರದಿತ್ತು" ಎಂದ.

ಸಂಘಪಾಲ ಸಮಾಧಾನದಿಂದ ಹೇಳಿದ: "ನಡಿ ಅಳಿಯಾ, ಬಟ್ಟಿ ತುಂಬ್ಕೋ. ತಗಡಿನ ಧಂಧಾದಾಗ ಇಂಥ ಫಜೀತಿ ಇಲ್ಲ."

ಆಗ ಎದುರು ಮನೆಯಿಂದ ಪರಾಗ ಬಂದ. ಕಣ್ಣಲ್ಲಿ ಇನ್ನೂ ನಿದ್ದೆ, ಕೈಯಲ್ಲಿ ಪೇಢೆಯ ಡಬ್ಬಿ.

"ಅಣ್ಣಾ, ಸಿಟ್ಟಿಗಿ ಬರಬ್ಯಾಡ. ನಾಳಿಂದ ನನ್ನ ಡ್ಯೂಟಿ. ಆದ್ರ ಸರ್ ಮೊದಲನೇ ಕೆಲಸಾನೇ ಭಾರಿ ಕೊಟ್ಟಾರ. ನೀ ಹೊಕ್ಕ ಹಾದಿ ಮುಚ್ಚಬೇಕಂತ. ನೀ ಬರ್ದಿದ್ದು ಸರ್ ನನಗ ಕಳಿಸ್ಯಾರ, ಓದಿದೆ, ಒಂದು ಅಕ್ಷರಾ ತಿಳೀಲಿಲ್ಲ. ‘ಅವಗೇ ಕೇಳು, ಒಳ್ಳೆ ಹುಡುಗ’ ಅಂದಾರ ಸರ್."

ಓಣಿಯವರೆಲ್ಲ ಅಶ್ವಜಿತನ ಕಡೆ ನೋಡಿದರು. ಈಗ ಇವನು ಎದ್ದು ಡಬ್ಬಿಯನ್ನು ಬೀದಿಗೆ ಎಸೆಯುತ್ತಾನೆ ಎಂದುಕೊಂಡರು.

ಅಶ್ವಜಿತ ಒಂದು ಪೇಢೆ ಬಾಯಿಗೆ ಹಾಕಿಕೊಂಡ. ಆಮೇಲೆ ಸರಿದು ಜಾಗ ಮಾಡಿಕೊಟ್ಟು, ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡ. "ಬಾ, ಕುಂದ್ರು. ಇದರಾಗ ತಿಳೀಲಾರದ್ದು ಏನದ? ತಡಿ, ನಾನೇ ಮುಚ್ಚಿ ಕೊಡ್ತೇನಿ. ಮೂರನೇ ಕಾವಲೂ ಒಂದು ಕೂಡಿಸೋಣ, ನನ್ನ ತಲ್ಯಾಗ ಒಂದು ಮಸ್ತ್ ಐಡಿಯಾ ಅದ..."

ಸಂಘಪಾಲ ಎದ್ದು ನಿಂತು ಚಪ್ಪಲಿ ಮೆಟ್ಟಿಕೊಂಡ.

"ಎಲ್ಲಿಗಿ ಹೊಂಟಿ? ಅವನ ಬಟ್ಟಿ ತುಂಬಿಲ್ಲ ಇನ್ನಾ" ಎಂದಳು ಜಿಜಾಬಾಯಿ ಗಾಬರಿಯಾಗಿ.

"ಬ್ಯಾಡ ಅಕ್ಕಾ, ಇವನ್ನ ನೀನೇ ಇಟ್ಕೋ. ಅಂಗಡ್ಯಾಗ ಕುಂಡ್ರಿಸಿದ್ರ ಗಿರಾಕಿಗಿ ತಗಡಾ ಪುಕ್ಕಟೆ ಕೊಟ್ಟು, ಅವರ ಮನಿ ಮ್ಯಾಲ ಹತ್ತಿ ಮೊಳಿನೂ ಹೊಡ್ದು ಬರ್ತಾನ ಇಂವ!"