ಬಚ್ಚಲಿನ ಕೋಟಿ ಜೀವಗಳು ಮತ್ತು ಅತ್ತೆಯ ಕೈಚೀಲ

"ಈ ಮನೆಯಿಂದ ಇನ್ನು ಒಂದು ಹನಿ ಕೊಳಕು ನೀರೂ ಹಳ್ಳಕ್ಕೆ ಇಳಿಯೋದಿಲ್ಲ!" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಪ್ರೇಮಕುಮಾರಿ ಹಲಸಿನ ಹಪ್ಪಳ ಒತ್ತುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹಾಗಾದ್ರೆ ಸ್ನಾನ ಬಿಡ್ತೀರಾ?" ಎಂದಳು.

ಬಿಡುವುದೇ? ಬಣಕಲ್ ಸುತ್ತಿನ ಯಾವ ಎಸ್ಟೇಟಿನವರೂ ಮಾಡದ ಕೆಲಸಕ್ಕೆ ನಾನು ಕೈಹಾಕಿದ್ದೆ. ಬಯೋರಿಯಾಕ್ಟರ್! ಹೆಸರು ದೊಡ್ಡದು, ವಿಷಯ ಇಷ್ಟೇ: ಮನೆಯ ಹಿಂದೆ ಒಂದು ಟ್ಯಾಂಕು, ಅದರೊಳಗೆ ತೂತು ತೂತಿನ ಸಾವಿರಾರು ಪ್ಲಾಸ್ಟಿಕ್ ಬಿಲ್ಲೆಗಳು, ಗುಳುಗುಳು ಗಾಳಿ ಊದುವ ಒಂದು ಪಂಪು. ಬಿಲ್ಲೆಗಳ ಮೇಲೆ ಕಣ್ಣಿಗೆ ಕಾಣದ ಜೀವಾಣುಗಳು ಲೋಳೆಯಾಗಿ ಸಂಸಾರ ಹೂಡಿ, ಬಚ್ಚಲು ಮತ್ತು ಅಡುಗೆಮನೆಯ ಕೊಳೆಯನ್ನೆಲ್ಲ ತಿಂದು ತಿಳಿನೀರನ್ನು ಹೊರಗೆ ಬಿಡುತ್ತವೆ. ಬಣಕಲ್ಲಿನ ಮೆಕ್ಯಾನಿಕ್ ಸುಫಿಯಾನ್ ಎಲ್ಲವನ್ನೂ ಜೋಡಿಸಿಕೊಟ್ಟ. ನಾನು ಎರಡು ಬಕೆಟ್ ಸಗಣಿ ನೀರು ಸುರಿದು ಕೋಟ್ಯಂತರ ಜೀವಾಣುಗಳ ಗೃಹಪ್ರವೇಶ ನೆರವೇರಿಸಿದೆ. ತಿಂಗಳೊಳಗೆ ನೀರು ತಿಳಿಯಾಯಿತು. ನನಗೆ ಕೊಂಬು ಬಂತು.

ಕೂಡಲೇ ಶಾಸನ ಹೊರಡಿಸಿದೆ: ಇನ್ನು ಬಚ್ಚಲಿಗೆ ಫಿನಾಯಿಲ್ ಇಲ್ಲ, ಆಸಿಡ್ ಇಲ್ಲ, ಬ್ಲೀಚಿಂಗ್ ಪೌಡರ್ ಇಲ್ಲ. ಹಾಕಿದರೆ ನನ್ನ ಜೀವಾಣುಗಳು ಸಾಯುತ್ತವೆ!

ಹಪ್ಪಳ ಮಾಡಲೆಂದು ಸಂಸೆಯಿಂದ ಬಂದಿದ್ದ ಅತ್ತೆ ವಸಂತಮ್ಮನವರು ಮೆಲ್ಲಗೆ ಕೇಳಿದರು: "ಬ್ಲೀಚಿಂಗ್ ಹಾಕದೆ ಇದ್ರೆ ಪಾಚಿ ಕಟ್ಟಿ ಜಾರ್ತದಲ್ಲ? ನನ್ನ ಮೊಣಕಾಲು ಬೇರೆ ಹೀಗೆ."

"ತೆಂಗಿನ ನಾರಲ್ಲಿ ಉಜ್ಜಿ ಅತ್ತೆ," ಎಂದೆ ಗಂಭೀರವಾಗಿ. ಪಾಪ, ಆ ಮೊಣಕಾಲು ಇಟ್ಟುಕೊಂಡೇ ದಿನಾ ಉಜ್ಜಿದರು.

ಅಷ್ಟರಲ್ಲಿ ಮೇ ಕೊನೆ ಬಂತು. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಸುವ ಗಡಿಬಿಡಿ. ಮೈಲುತುತ್ತ, ಸುಣ್ಣ ಕಲಸಿದ ನೀಲಿ ಔಷಧಿ ಅದು. "ಹಳ್ಳದಲ್ಲಿ ಯಾರೂ ಸ್ಪ್ರೇ ಕ್ಯಾನ್ ತೊಳೀಬಾರ್ದು! ಮೀನು ಸಾಯ್ತವೆ!" ಎಂದು ಆಳುಗಳನ್ನು ಗದರಿಸಿ, ಕ್ಯಾನುಗಳನ್ನು ಸಂಜೆ ಜೀಪಿನಲ್ಲಿ ಮನೆಗೆ ತಂದು ನಾನೇ ತೊಳೆದಿಡುತ್ತಿದ್ದೆ. ಎಂಥ ಪರಿಸರಪ್ರೇಮಿ ನೋಡಿ!

ವಾರ ಕಳೆಯುವುದರೊಳಗೆ ಟ್ಯಾಂಕು ಗಬ್ಬೆದ್ದಿತು. ಹಿತ್ತಲಿಗೆ ಕಾಲಿಡುವಂತಿಲ್ಲ. ಹಪ್ಪಳ ಒಣಹಾಕಿದ್ದ ಚಾಪೆಗಳನ್ನು ಪ್ರೇಮ ಮೂಗು ಮುಚ್ಚಿಕೊಂಡು ಮುಂದಿನ ಅಂಗಳಕ್ಕೆ ಎಳೆದಳು.

"ಕೊಲೆ!" ಎಂದು ಕೂಗಿದೆ. "ಯಾರೋ ಕದ್ದು ಬ್ಲೀಚಿಂಗ್ ಪೌಡರ್ ಹಾಕ್ತಿದ್ದಾರೆ!"

"ರೀ, ಮೆಲ್ಲಗೆ. ಅಮ್ಮ ಒಳಗೇ ಇದ್ದಾರೆ."

"ಅದಕ್ಕೇ ಜೋರಾಗಿ ಹೇಳ್ತಿರೋದು!"

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಗೂಟಕ್ಕೆ ನೇತುಹಾಕಿದ್ದ ಅತ್ತೆಯ ಕೈಚೀಲವನ್ನು ತೆಗೆದು, ಅವರ ಕಣ್ಣೆದುರೇ ಬಿಚ್ಚಿದೆ. ಎರಡು ಸೀರೆ, ಕನ್ನಡಕದ ಡಬ್ಬಿ, ಎಲೆ ಅಡಿಕೆಯ ಸಂಚಿ. ತಳದಲ್ಲಿ ಬಟ್ಟೆ ಸುತ್ತಿದ ಒಂದು ಬಾಟಲಿ. "ಸಿಕ್ಕಿತು!" ಎಂದು ಮುಚ್ಚಳ ತೆಗೆದು ಮೂಗಿಗೆ ಹಿಡಿದೆ.

ನೀಲಗಿರಿ ಎಣ್ಣೆ.

"ಮೊಣಕಾಲಿಗೆ," ಎಂದರು ಅತ್ತೆ. ಅಷ್ಟೇ. ಸೀರೆಗಳನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿದರು. ಮರುದಿನ ಬೆಳಗಿನ ಬಸ್ಸಿಗೆ ಹೊರಟೇಬಿಟ್ಟರು. ಹಲಸಿನ ತೊಳೆಗಳು ಅರ್ಧ ಬೆಂದು ಹಾಗೇ ಉಳಿದವು. ಪ್ರೇಮ ನನ್ನೊಡನೆ ಮಾತು ಬಿಟ್ಟಳು.

ಮೂರನೆಯ ದಿನ ಸುಫಿಯಾನ್ ಬಂದ. ಟ್ಯಾಂಕಿಗೆ ಕೈ ಇಳಿಸಿ ಒಂದು ಹಿಡಿ ಬಿಲ್ಲೆ ಎತ್ತಿದ. ಕಂದು ಲೋಳೆ ಇರಬೇಕಾದ ಜಾಗದಲ್ಲಿ ತಿಳಿನೀಲಿ ಪುಡಿ ಅಂಟಿತ್ತು.

"ಸಾರ್, ಬೋರ್ಡೋ ಕ್ಯಾನ್ ಎಲ್ಲಿ ತೊಳೀತೀರಾ?"

"ಬಚ್ಚಲಲ್ಲಿ... ಬಿಸಿನೀರು ಅಲ್ಲೇ ತಾನೇ ಇರೋದು..."

ಅವನು ನನ್ನ ಕೈ ನೋಡಿದ. ನಾನೂ ನೋಡಿಕೊಂಡೆ. ಹತ್ತು ಉಗುರೂ ನೀಲಿ!

"ಮೀನೇ ಸಾಯೋ ಔಷಧಿಗೆ ಈ ಪಾಪದ ಹುಳಗಳು ಉಳೀತವಾ ಸಾರ್?"

ಅಡುಗೆಮನೆಯ ಕಿಟಕಿಯಿಂದ ಮೂರು ದಿನಗಳಲ್ಲಿ ಮೊದಲ ಬಾರಿಗೆ ಪ್ರೇಮಳ ದನಿ ಕೇಳಿಸಿತು: "ಸಂಸೆ ಕಡೆ ಬಸ್ಸು ಎರಡೂವರೆಗೆ."

ಹೋದೆ. ಅತ್ತೆ ತಮ್ಮ ಮಗನ ಮನೆಯ ಜಗಲಿಯಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. "ತಪ್ಪಾಯ್ತು ಅತ್ತೆ. ಕೊಂದವನು ನಾನೇ. ನಿಮ್ಮ ಚೀಲ ಮುಟ್ಟಬಾರ್ದಿತ್ತು," ಎಂದೆ. ಸತ್ತ ಟ್ಯಾಂಕನ್ನಾದರೆ ತೊಳೆದು, ಮತ್ತೆರಡು ಬಕೆಟ್ ಸಗಣಿ ನೀರು ಸುರಿದು ಬದುಕಿಸಬಹುದು. ನೊಂದ ಮನಸ್ಸಿಗೆ ಏನು ಸುರಿಯಬೇಕೋ ನನಗೆ ತಿಳಿಯಲಿಲ್ಲ.

ಅತ್ತೆ ಕಾಫಿ ತರಿಸಿದರು. ನಾನು ಕುಡಿದಿಟ್ಟ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಹಪ್ಪಳದ ಕೆಲಸ ಅರ್ಧಕ್ಕೇ ನಿಂತಿದೆ ಅಲ್ದಾ? ನಾಳೆ ಬರ್ತೀನಿ, ಬಿಡಿ," ಎಂದರು.

ಹೋದ ಜೀವ ಬಂದಂತಾಯಿತು. "ಚೀಲ ಕೊಡಿ ಅತ್ತೆ, ನಾನೇ ಹೊತ್ಕೊಂಡು ಹೋಗ್ತೀನಿ!"

"ಚೀಲ ತರಲ್ಲ," ಎಂದರು ಅತ್ತೆ. "ಸೀರೆ ಪ್ರೇಮಂದೇ ಉಟ್ಕೊಳ್ತೀನಿ. ಮೊಣಕಾಲಿನ ಎಣ್ಣೆ ಒಂದು ನೀವೇ ತಂದಿಡಿ. ಮುಚ್ಚಳ ತೆಗೆದು, ಮೂಸಿ ನೋಡಿಯೇ ತನ್ನಿ."