ಮಣ್ಣಿಗೆ ಬಣ್ಣದ ಗಂಜಿ

ಪ್ರಯೋಗಾಲಯ ಅಂದರೆ ಗಂಭೀರವಾದ ಜಾಗ ಅಂತ ನಂಬಿದವರು ರಾಯಚೂರಿನಲ್ಲಿ ಪಿಎಚ್.ಡಿ. ಮಾಡಿದವರಲ್ಲ. ನಾನು ಆರು ವರ್ಷ ಮಾಡಿದ್ದೇನೆ. ಒಂದು ವಾರವಾದರೂ ಮಾನ ಉಳಿಸಿಕೊಂಡು ಮನೆಗೆ ಹೋದ ನೆನಪಿಲ್ಲ.

ನನ್ನ ಕೆಲಸ ಇಷ್ಟೇ. ಗಂಜಿಯಲ್ಲಿ ಇರುವುದು ಸಕ್ಕರೆ ಕಣಗಳ ಉದ್ದನೆಯ ಸರಪಳಿ. ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿ ಹೊಲದ ಮಣ್ಣಿಗೆ ಬೆರೆಸುತ್ತೇನೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ತಮ್ಮ ಕಿಣ್ವದಿಂದ ಆ ಸರಪಳಿ ಕತ್ತರಿಸಿದಷ್ಟೂ ಬಣ್ಣದ ತುಂಡುಗಳು ನೀರಿಗೆ ಬರುತ್ತವೆ. ನೇರಳಾತೀತ ದೀಪ ಹಿಡಿದರೆ ಆ ನೀರು ನೀಲಿಯಾಗಿ ಹೊಳೆಯುತ್ತದೆ. ಹೆಚ್ಚು ಹೊಳೆದರೆ ಮಣ್ಣು ಚುರುಕು, ಹೊಳೆಯದಿದ್ದರೆ ಸೋಮಾರಿ.

ಅಮ್ಮಿ ಇದನ್ನು ಓಣಿಯವರಿಗೆ ದಖ್ಖನಿಯಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು: "ಮಿಟ್ಟಿ ಕೂ ಖಾನಾ ಖಿಲಾತೀ, ಘರ್ ಮೇ ಚಾಯ್ ಬೀ ನೈ ಬನಾತೀ." ಮಣ್ಣಿಗೆ ಊಟ ಮಾಡಿಸುತ್ತಾಳೆ, ಮನೆಯಲ್ಲಿ ಚಹಾ ಕೂಡ ಮಾಡುವುದಿಲ್ಲ ಅಂತ. ಸುಳ್ಳಲ್ಲ.

ಆರನೆಯ ವರ್ಷ ನನಗೆ ಸಿಕ್ಕ ಕೊನೆಯ ಅವಕಾಶ. ಆ ಹಂಗಾಮಿನ ಅಂಕಿಗಳೂ ಕೆಟ್ಟರೆ ನೋಂದಣಿಯೇ ರದ್ದು. ಅಷ್ಟು ವರ್ಷದ ಮಣ್ಣು ಮಣ್ಣೇ ಆಗುತ್ತಿತ್ತು. ನನಗಂತೂ ಹಗಲೂ ರಾತ್ರಿ ಅದೇ ಚಿಂತೆ. ಉಳಿದವರಿಗೆ ಅಂಥದ್ದೇನೂ ಇದ್ದಂತೆ ಕಾಣಲಿಲ್ಲ.

ಹೊಲದ ಮರ್ಯಾದೆ

ಪೋತ್ನಾಳದ ಒಂದು ಗದ್ದೆಯಲ್ಲಿ ಗುರುತಿಗೆ ಕೆಂಪು ಬಾವುಟ ನೆಟ್ಟಿದ್ದೆ. ಆ ಗದ್ದೆಯ ಮನೆಯ ಅಜ್ಜಿ ಏನು ಮಾಡುತ್ತೀ ಅಂತ ಕೇಳಿದಾಗ, "ಮಣ್ಣು ಎಷ್ಟು ಗಂಜಿ ಉಣ್ತದ ಅಂತ ನೋಡ್ತೀವಿ ಯವ್ವಾ" ಅಂದಿದ್ದೆ. ಹದಿನೈದು ದಿನ ಬಿಟ್ಟು ಮಣ್ಣು ತೆಗೆಯಲು ಹೋದರೆ ಬಾವುಟದ ಬುಡದಲ್ಲಿ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು.

"ದಿನಾ ಒಂದು ತಂಬಿಗಿ ಗಂಜಿ ಹಾಕೀನವ್ವಾ" ಅಂದಳು ಅಜ್ಜಿ. "ನಮ್ಮ ಹೊಲ ಹಸಗೊಂಡು ನಿನ್ನ ಮುಂದ ನಿಂತ್ರ ಊರಾಗ ಏನಂತಾರ? ಉಪವಾಸ ಕೆಡವ್ಯಾರ ಅನ್ನಂಗಿಲ್ಲೇನು?"

ನನಗೆ ಅಳು ಬಂತು. ಗದ್ದೆಯ ಇನ್ನೊಂದು ಮೂಲೆಯಿಂದ ಮಣ್ಣು ತೆಗೆಯಬಹುದು ಅಂತ ಸಮಾಧಾನ ಮಾಡಿಕೊಂಡು, "ಉಪ್ಪು ಗಿಪ್ಪು ಹಾಕಿಲ್ಲ ಹೌದಿಲ್ಲೋ?" ಅಂತ ಕೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಪ್ಪಗ ಯಾರು ಉಣ್ತಾರ ಬೇ?"

ಕೋಟಿ ಪ್ರಯಾಣಿಕರು

ದೇವದುರ್ಗದ ಹತ್ತಿ ಹೊಲದ ಮಣ್ಣನ್ನು ಐಸ್ ಡಬ್ಬಿಯಲ್ಲಿಟ್ಟು ರಾಯಚೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಡಬ್ಬಿಗೆ ಕಾಲು ತಾಗಿಸಿ, "ಏನೈತ್ರಿ ಇದರಾಗ?" ಅಂದ.

"ಮಣ್ಣು."

"ಐಸಿನಾಗ ಮಣ್ಣು?"

"ಬಿಸಿಲಿಗೆ ಸಾಯ್ತದ್ರಿ."

"ದೇವದುರ್ಗದ ಮಣ್ಣು? ಬಿಸಿಲಿಗೆ?" ಅವನಿಗೆ ಊರಿನ ಅವಮಾನವಾದಂತಾಯಿತು.

"ಮಣ್ಣಲ್ರಿ, ಅದರಾಗ ಸಣ್ಣ ಸಣ್ಣ ಜೀವ ಅದಾವ. ಕೋಟಿಗಟ್ಟಲೆ."

"ಜೀವ ಇದ್ರ ಟಿಕೀಟ್ ಆಗ್ತದ" ಅಂತ ಅವನು ಮಷಿನ್ ಕೈಗೆತ್ತಿಕೊಂಡ. ಇಡೀ ಬಸ್ಸು ನಮ್ಮ ಕಡೆ ತಿರುಗಿತು. "ಗಂಡೇನ್ರಿ, ಹೆಣ್ಣೇನ್ರಿ?"

"ಗಂಡು ಹೆಣ್ಣು ಅಂತ ಇರಂಗಿಲ್ರಿ ಅವಕ್ಕ."

ಕಂಡಕ್ಟರ್ ಮಷಿನ್ನಿನ ಗುಂಡಿಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಮಷಿನ್ ಕೆಳಗಿಳಿಸಿ, "ಹೋಗ್ಲಿ, ಹೆಣ್ಣಂತ ತಿಳ್ಕೊಳ್ತೀನಿ. ಫ್ರೀ ಬರ್ಲಿ" ಅಂದ.

ಸತ್ತ ಮಣ್ಣಿನ ಹಸಿವು

ಹೋಲಿಕೆಗಾಗಿ ಒಂದಿಷ್ಟು ಮಣ್ಣನ್ನು ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ, ಅದರ ಜೀವಿಗಳನ್ನೆಲ್ಲ ಕೊಂದು ಇಡಬೇಕು. ಸತ್ತ ಮಣ್ಣು ಗಂಜಿ ತಿನ್ನುವುದಿಲ್ಲ, ಆದ್ದರಿಂದ ಹೊಳೆಯುವುದಿಲ್ಲ. ನನ್ನದು ಹೊಳೆಯಿತು. ಬದುಕಿದ ಮಣ್ಣಿಗಿಂತ ಜೋರಾಗಿ ಹೊಳೆಯಿತು.

ನಮ್ಮ ಗೈಡ್ ಅಂಕಿ ನೋಡಿ ಕನ್ನಡಕ ತೆಗೆದರು. "ಸತ್ತ ಮ್ಯಾಲೆ ಇಷ್ಟು ಉಣ್ಣಾಕತ್ತದಂದ್ರ, ಇದು ನಮ್ಮ ವಿಭಾಗದ ಕೇಸ್ ಅಲ್ಲವ್ವಾ."

ಮೂರು ವಾರ ಹುಡುಕಿದೆ. ಬಣ್ಣ ಬದಲಿಸಿದೆ, ನೀರು ಬದಲಿಸಿದೆ, ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಕೊನೆಗೆ ಒಂದು ಖಾಲಿ ಗಾಜಿನ ಟ್ಯೂಬಿಗೆ ದೀಪ ಹಿಡಿದರೆ ಅದೂ ನೀಲಿ! ಟ್ಯೂಬು ತೊಳೆಯುವ ಅಕ್ಕನನ್ನು ಕರೆದು ಕೇಳಿದೆ.

"ನೀವ ಅಂದ್ರೆಲ್ರಿ ಮೇಡಮ್ಮೋರ, ಟ್ಯೂಬು ಲಕಲಕ ಹೊಳೀಬೇಕು ಅಂತ! ಇಲ್ಲಿ ಕೊಟ್ಟ ಸಾಬೂನಿನಾಗ ಏನೂ ಕಸುವಿಲ್ಲ. ಅದ್ಕ ಬಿಳಿ ಅರಿವಿ ತೊಳಿಯೋ ಪುಡಿ ಮನಿಯಿಂದ ತಂದೀನಿ."

ಬಟ್ಟೆ ಬೆಳ್ಳಗೆ ಕಾಣಲಿ ಅಂತ ಆ ಪುಡಿಯಲ್ಲಿ ಹಾಕಿರುವ ವಸ್ತು ನನ್ನ ದೀಪಕ್ಕೆ ನನ್ನ ಬಣ್ಣಕ್ಕಿಂತ ಚೆನ್ನಾಗಿ ಹೊಳೆಯುತ್ತದೆ. ಪುಣ್ಯಕ್ಕೆ ಫ್ರೀಜರಿನಲ್ಲಿ ಇನ್ನೊಂದು ಪಾಲು ಮಣ್ಣಿತ್ತು. ಎಲ್ಲವನ್ನೂ ಮೊದಲಿಂದ ಮಾಡಿದೆ, ಸತ್ತ ಮಣ್ಣು ಸತ್ತಂತೆಯೇ ಇತ್ತು. ಗೈಡ್ ಅಕ್ಕನಿಗೆ ತಾಳ್ಮೆಯಿಂದ ತಿಳಿಸಿದರು: "ಇನ್ನ ಮ್ಯಾಲೆ ಟ್ಯೂಬು ಹೊಳೀಬಾರದು ನೋಡವ್ವಾ."

"ಹಂಗಾರ ತೊಳಿಯೋದ್ಯಾಕ್ರಿ ಸರ?" ಅಂದಳು ಅಕ್ಕ.

ಕತ್ತಲೆಯಲ್ಲಿ ಪರೀಕ್ಷೆ

ಮೌಖಿಕ ಪರೀಕ್ಷೆಗೆ ದಕ್ಷಿಣದ ಕಡೆಯಿಂದ ಒಬ್ಬ ದೊಡ್ಡ ಪ್ರಾಧ್ಯಾಪಕರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡೂ ಬದಿ ತುಂಬಿದ ಪ್ರಶ್ನೆಗಳ ಹಾಳೆ. ಒಂದು ಪ್ರಶ್ನೆಗೆ ತಡವರಿಸಿದರೂ ಮತ್ತೆ ಮಾಡಿ ಅನ್ನುವ ಮನುಷ್ಯ ಅಂತ ಅವರ ಖ್ಯಾತಿ. ನನಗೆ ಮತ್ತೆ ಮಾಡಲು ವರ್ಷವೇ ಉಳಿದಿರಲಿಲ್ಲ.

"ಪ್ರಶ್ನೆ ಆಮೇಲೆ. ಮೊದಲು ಅದು ಹೊಳೆಯೋದನ್ನ ಕಣ್ಣಾರೆ ನೋಡ್ಬೇಕು" ಅಂದರು.

ಕತ್ತಲೆ ಕೋಣೆಗೆ ಹೋದೆವು. ಅವರು, ಗೈಡ್, ನಾನು, ಸ್ವಿಚ್ಚಿನ ಹತ್ತಿರ ಅಕ್ಕ. ದೀಪ ಹಚ್ಚಿದೆ. ಪೋತ್ನಾಳದ ಟ್ಯೂಬು ನೀಲಿಯಾಗಿ ಹೊಳೆಯಿತು, ಸತ್ತ ಮಣ್ಣಿನದು ಕಪ್ಪಗಿತ್ತು. ಅಷ್ಟೊತ್ತಿಗೆ ಪ್ರಾಧ್ಯಾಪಕರು ತಮ್ಮ ಅಂಗಿಯೂ ಟ್ಯೂಬಿನಂತೆ ಹೊಳೆಯುವುದನ್ನು ಕಂಡು ಮಗುವಿನ ಹಾಗೆ ಬಾಯ್ತುಂಬ ನಕ್ಕರು.

"ಯವ್ವಾ!" ಅಂತ ಕಿರುಚಿದಳು ಅಕ್ಕ. "ಸಾಹೇಬ್ರ ಮುಂದಿನ ನಾಕು ಹಲ್ಲು ಬಿದ್ದಾವ್ರಿ! ಯಾರೂ ಕಾಲು ಅಲ್ಲಾಡಿಸಬ್ಯಾಡ್ರಿ, ತುಳದೀರಿ!"

ಅಷ್ಟು ಹೇಳಿ ನೆಲಕ್ಕೆ ಕೂತು ಕತ್ತಲೆಯಲ್ಲಿ ಹಲ್ಲು ತಡಕಾಡತೊಡಗಿದಳು. ನಾನು ಗಾಬರಿಯಿಂದ ಲೈಟು ಹಾಕಿದೆ. ಹಲ್ಲು ನಾಲ್ಕೂ ಇದ್ದಲ್ಲೇ ಇದ್ದವು.

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಪರೀಕ್ಷೆಯ ಭಯದಲ್ಲಿ, ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಟ್ಟೆ: "ಸರ್, ಸ್ವಂತ ಹಲ್ಲು ಈ ದೀಪಕ್ಕೆ ಹೊಳೆಯುತ್ತವೆ. ಕಟ್ಟಿಸಿದವು ಹೊಳೆಯುವುದಿಲ್ಲ."

ಪ್ರಾಧ್ಯಾಪಕರು ಪ್ರಶ್ನೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟರು. ತುಟಿ ಬಿಚ್ಚದೆ ಪೆನ್ನಿಗೆ ಕೈ ಚಾಚಿದರು. ಒಂದೂ ಪ್ರಶ್ನೆಯಿಲ್ಲದೆ ನಾನು ಡಾಕ್ಟರಾದೆ. ವರದಿಯಲ್ಲಿ ಅವರು ಬರೆದದ್ದು ಒಂದೇ ವಾಕ್ಯ: "ಈ ವಿಧಾನ ಅಗತ್ಯಕ್ಕಿಂತ ಹೆಚ್ಚು ಸೂಕ್ಷ್ಮವಾಗಿದೆ."